ಎರಡನೆಯ ತಾಣದ ನೀರು

"ಎರಡನೇ ಜಾಗದ ನೀರು ಇಟ್ಟು ಬಂದಾಯ್ತು," ಎಂದ ಅಪ್ಪ, ನಕ್ಷೆಯಿಂದ ತಲೆಯೆತ್ತದೆ.

ಕಾಫಿ ಬಗ್ಗಿಸುತ್ತಿದ್ದ ಮಾರ್ಲಾಳ ಕೈ ಅಲ್ಲೇ ನಿಂತಿತು. "ಯಾವಾಗ ಹೋಗಿದ್ದೆ?"

"ಹೋದ ವಾರ. ನೀನು ಲ್ಯಾಬಿಗೆ ಹೋಗಿದ್ದೆ."

"ಒಬ್ಬನೇನಾ?"

"ಇಲ್ಲ, ಬ್ಯಾಂಡ್‌ಸೆಟ್ ಕರ್ಕೊಂಡು ಹೋಗಿದ್ದೆ. ಒಬ್ಬನೇ ಕಣೇ! ಜೀವಮಾನವೆಲ್ಲ ಆ ಮರಳಲ್ಲಿ ಗೂಟ ಹೊಡೆದವನು ನಾನು. ನಾಲ್ಕು ಡಬ್ಬಿ ನೀರು ಹೂತು ಬರೋದಕ್ಕೆ ನಿನ್ನ ಅಪ್ಪಣೆ ಬೇಕಾ?"

ಮಾರ್ಲಾ ನಕ್ಕಳು. ಎಲ್‌ವುಡ್ ಹ್ಯಾಸ್ಕೆಲ್ ನಿವೃತ್ತ ಸರ್ವೇಯರ್. ಮರುಭೂಮಿಯಂಚಿನ ಟ್ವೆಂಟಿನೈನ್ ಪಾಮ್ಸ್ ಊರಿನ ಸುತ್ತಮುತ್ತ ಅವನು ಅಳೆಯದ ಜಮೀನಿಲ್ಲ. ಊರಿಗೆ ತಾಗಿದ ರಾಷ್ಟ್ರೀಯ ಪಾರ್ಕಿನ ಪೂರ್ವದ ಗಡಿ ಎಲ್ಲಿ ಮುಗಿದು ಸರ್ಕಾರದ ಬಯಲು ಎಲ್ಲಿ ಶುರುವಾಗುತ್ತದೆ ಎಂದು ಕಾವಲಿನವರಿಗೇ ಅನುಮಾನ ಬಂದರೆ ಅವನನ್ನು ಕೇಳುತ್ತಿದ್ದ ಕಾಲವೊಂದಿತ್ತು. ಪ್ರತಿ ವಸಂತದಲ್ಲೂ, ಸೆಕೆ ಶುರುವಾಗುವ ಮೊದಲು, ಅಪ್ಪ ಮಗಳು ಆ ಬಯಲಿನಲ್ಲಿ ಡೇರೆ ಹಾಕಿ ಮಲಗಿ, ಬೆಟ್ಟದ ಬುಡ ಬಳಸಿ ನಡೆದು, ಉತ್ತರದ ಕಚ್ಚಾ ರಸ್ತೆಗೆ ಬಂದು ಮುಟ್ಟುತ್ತಿದ್ದರು. ಆ ದಾರಿಯುದ್ದಕ್ಕೂ ಒಂದು ತೊಟ್ಟು ನೀರಿಲ್ಲ. ಆದ್ದರಿಂದ ಮುಂಚೆಯೇ ಹೋಗಿ ಎರಡು ಕಡೆ ನೀರು ಹೂತಿಟ್ಟು ಬರಬೇಕು. ಡಬ್ಬಿಯ ಮೇಲೆ ತಮ್ಮ ಹೆಸರು, ತಾವು ಬರುವ ತಾರೀಖು ಬರೆಯಬೇಕು. ಆ ತಾರೀಖು ದಾಟುವ ತನಕ ಅದನ್ನು ಬೇರೆ ಯಾರೂ ಮುಟ್ಟುವುದಿಲ್ಲ. ಮರುಭೂಮಿಯಲ್ಲಿ ನಡೆಯುವವರು ಬೇರೆ ಯಾವ ಕಾನೂನು ಮುರಿದರೂ ಇದೊಂದನ್ನು ಮುರಿದದ್ದನ್ನು ಮಾರ್ಲಾ ಕಂಡಿರಲಿಲ್ಲ.

ಮೊದಲನೆಯ ತಾಣ ಹೊರಡುವ ಜಾಗಕ್ಕೆ ಹತ್ತಿರ. ಅಲ್ಲಿ ನೀರಿಲ್ಲದಿದ್ದರೆ ಬೈದುಕೊಳ್ಳುತ್ತ ಹಿಂದಿರುಗಬಹುದು. ಎರಡನೆಯದು ಹಾಗಲ್ಲ. ಅಲ್ಲಿಗೆ ಬಂದು ಮುಟ್ಟುವ ಹೊತ್ತಿಗೆ ಬೆನ್ನಿನ ಬಾಟಲಿಗಳು ಬರಿದಾಗಿರುತ್ತವೆ. ಹಿಂದಕ್ಕೂ ಮುಂದಕ್ಕೂ ದಾರಿ ಒಂದೇ ದೂರ.

"ಎಲ್ಲಿ ಹೂತೆ?" ಅವಳು ಕೇಳಿದಳು. ಕೇಳಿದ್ದು ಕುತೂಹಲಕ್ಕೆ ಮಾತ್ರ.

"ಎಲ್ಲಿ ಅಂದ್ರೆ? ಯಾವಾಗಲೂ ಹೂಳೋ ಕಡೆ. ಒಣಹಳ್ಳ ಎಡಕ್ಕೆ ಹೊರಳುತ್ತಲ್ಲ, ಅಲ್ಲಿ. ನಮ್ಮ ಪಾಲೊವರ್ಡೆ ಮರದ ಪೂರ್ವದ ಬೇರಿನ ಪಕ್ಕ. ಮೊಣಕೈ ಆಳ. ಮೇಲೊಂದು ಚಪ್ಪಟೆ ಕಲ್ಲು."

ಮಾರ್ಲಾ ಕಾಫಿಯ ಪಾತ್ರೆಯನ್ನು ಮೆಲ್ಲನೆ ಒಲೆಯ ಮೇಲಿಟ್ಟಳು.

ಆ ಮರ ಅಲ್ಲಿರಲಿಲ್ಲ. ಎರಡು ಬೇಸಿಗೆಯ ಹಿಂದೆ ಬೆಟ್ಟದಾಚೆ ಸುರಿದ ಮಳೆಗೆ ಹಳ್ಳ ಒಮ್ಮೆಲೇ ಉಕ್ಕಿ, ಮರವನ್ನು ಬೇರುಸಮೇತ ಕಿತ್ತುಕೊಂಡು ಹೋಗಿತ್ತು. ಮರುವರ್ಷ ಅಪ್ಪ ಮಗಳಿಬ್ಬರೂ ಆ ಗುಂಡಿಯ ಅಂಚಿನಲ್ಲಿ ನಿಂತಿದ್ದರು. ಅಪ್ಪ ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದ. ಹೊಸ ಜಾಗವನ್ನು ಎದುರು ದಂಡೆಯ ಬಂಡೆಯ ಕೆಳಗೆ ಗೊತ್ತುಮಾಡಿದವನೂ ಅವನೇ.

"ಮರ ಹೇಗಿದೆ?" ಎಂದಳು. ತನ್ನ ದನಿ ತನಗೇ ಬೇರೆಯವರದ್ದೆನ್ನಿಸಿತು.

"ಹೂ ಬಿಟ್ಟಿದೆ. ಮೈತುಂಬ ಹಳದಿ. ಜೇನುಹುಳ ಎಷ್ಟಿದ್ದವು ಗೊತ್ತಾ, ಮರವೇ ಗುಂಯ್‌ಗುಡ್ತಿದೆ ಅನ್ಸ್ತಿತ್ತು. ಬೇಗ ಬೇಗ ಹೂತು ಎದ್ದೆ, ಎಲ್ಲಿ ಕಚ್ಚಿಬಿಡ್ತಾವೋ ಅಂತ."

ಅವನು ಕೇವಲ ಮರದ ಹೆಸರು ಹೇಳಿದ್ದರೆ ಬಾಯಿತಪ್ಪು ಎಂದುಕೊಳ್ಳಬಹುದಿತ್ತು. ಜೇನುಹುಳಗಳನ್ನು ಹೇಗೆ ತಳ್ಳಿಹಾಕುವುದು?

ಮಾರ್ಲಾ ಕುಡಿಯುವ ನೀರನ್ನು ಪರೀಕ್ಷಿಸುವ ಲ್ಯಾಬಿನಲ್ಲಿ ಕೆಲಸ ಮಾಡುವವಳು. ಅಲ್ಲಿ ಒಂದು ಸಲ ಬಂದ ಅಂಕಿಯನ್ನು ಯಾರೂ ನಂಬುವುದಿಲ್ಲ, ಮತ್ತೆ ಅಳೆಯಬೇಕು. ಈ ಚಳಿಗಾಲದಲ್ಲಿ ಅಪ್ಪ ಬೀನ್ಸ್‌ಗೆ ಎರಡೆರಡು ಸಲ ಉಪ್ಪು ಹಾಕಿದ್ದು, ಅಂಗಡಿಯಿಂದ ಹಿಂದಿರುಗುವಾಗ ತಮ್ಮ ಬೀದಿಯನ್ನೇ ದಾಟಿ ಹೋಗಿದ್ದು, ಇವನ್ನೆಲ್ಲ ಅವಳು ಒಂದೊಂದೇ ಬಿಡಿ ಅಂಕಿಯೆಂದು ಬದಿಗಿಡುತ್ತ ಬಂದಿದ್ದಳು. ಈಗ ಅವೆಲ್ಲ ಒಟ್ಟಿಗೆ ಸೇರಿ ಒಂದು ಗೆರೆಯ ಮೇಲೆ ನಿಂತಂತೆ ಕಂಡವು. ಆದರೂ ನೋಡಬೇಕು. ಒಂದು ವೇಳೆ ಅವನು ನಿಜವಾಗಿಯೂ ಹೋಗಿ, ಹೊಸ ಜಾಗದಲ್ಲೇ ಹೂತು, ಹೇಳುವಾಗ ಮಾತ್ರ ಹಳೆಯ ಮರವನ್ನು ಎಳೆದು ತಂದಿದ್ದರೆ? ಹಾಗಿದ್ದರೆ ಎಲ್ಲವೂ ಸರಿ. ಎಪ್ಪತ್ತು ದಾಟಿದವರು ಹಾಗೆ ಮಾತಾಡುವುದುಂಟು.

"ಉತ್ತರದ ದಾರಿ ಹೇಗಿದೆ ಅಂತ ನಾಳೆ ಒಂದು ಸಲ ನೋಡ್ಕೊಂಡು ಬರ್ತೀನಿ ಅಪ್ಪ."

"ದಾರಿ ಸರಿಯಾಗಿದೆ. ಈಗ ತಾನೇ ಹೇಳಿದ್ನಲ್ಲ."

"ನನ್ನ ಪಿಕಪ್ಪಿಗೂ ಸ್ವಲ್ಪ ಓಡಾಟ ಬೇಕು."

ಅಪ್ಪ ಕನ್ನಡಕ ತೆಗೆದು ಅವಳನ್ನೇ ನೋಡಿದ. "ನಾನೂ ಬರ್ತೀನಿ ಹಾಗಾದ್ರೆ."

ಬರಿಯ ಮರಳನ್ನು ಕೆದಕುತ್ತ ಅವನು ಮೊಣಕಾಲೂರಿ ಕೂತಿರುವುದು, ತಾನು ಪಕ್ಕದಲ್ಲಿ ನಿಂತಿರುವುದು ಮಾರ್ಲಾಳ ಕಣ್ಣಮುಂದೆ ಬಂತು. "ಬೇಡ, ನಿನ್ನ ಮಂಡಿ ಮೊದಲೇ ಸರಿಯಿಲ್ಲ. ಮಾತು ಇಟ್ಕೊಳ್ಳೋದಕ್ಕೆ ಮನೇಲಿ ಒಬ್ಬರು ಬೇಕಲ್ಲ," ಎಂದಳು.

ಮಾತು ಇಟ್ಟುಕೊಳ್ಳುವುದು ಎಂದರೆ, ಒಬ್ಬರು ಬಯಲಿಗೆ ಹೋಗುವಾಗ ಎಲ್ಲಿಗೆ ಹೋಗುತ್ತೇನೆ, ಎಷ್ಟು ಹೊತ್ತಿಗೆ ಬರುತ್ತೇನೆ ಎಂದು ಮನೆಯಲ್ಲಿರುವವರಿಗೆ ಹೇಳಿ ಹೋಗಬೇಕು. ಆ ಹೊತ್ತು ಮೀರಿದರೆ, ಒಂದು ಗಳಿಗೆಯೂ ತಡಮಾಡದೆ ಅವರು ಹುಡುಕುವ ತಂಡಕ್ಕೆ ಸುದ್ದಿ ಕೊಡಬೇಕು. ಆ ಊರಿನಲ್ಲಿ ಮಕ್ಕಳಿಗೆ ರಸ್ತೆ ದಾಟುವುದನ್ನು ಕಲಿಸುವ ಮೊದಲು ಇದನ್ನು ಕಲಿಸುತ್ತಾರೆ. ಮಾರ್ಲಾಳ ಮಾತು ಹುಟ್ಟಿನಿಂದ ಅಪ್ಪನ ಬಳಿಯೇ ಇತ್ತು. ಉಪಗ್ರಹದ ಮೂಲಕ ಸಂದೇಶ ಕಳಿಸುವ ಯಂತ್ರವೊಂದನ್ನು ಕೊಳ್ಳೋಣವೆಂದು ಈ ಸಲ ಅವಳು ಹೇಳಿದಾಗ, "ಅದರ ಬ್ಯಾಟರಿ ಸಾಯುತ್ತೆ. ನಾನು ಅಷ್ಟು ಬೇಗ ಸಾಯಲ್ಲ," ಎಂದಿದ್ದ.

ಬೆಳಿಗ್ಗೆ ಹೊರಡುವಾಗ ಅಂಗಳದಲ್ಲಿ ನಿಂತು ಹೇಳಿದಳು, "ಉತ್ತರದ ದಾರಿ. ಎರಡನೇ ಜಾಗ. ನಾಲ್ಕು ಗಂಟೆಗೆ ಮನೇಲಿರ್ತೀನಿ. ಇಲ್ಲದಿದ್ರೆ ಡೊಲೊರೆಸ್‌ಗೆ ಫೋನ್ ಮಾಡು."

"ಉತ್ತರದ ದಾರಿ. ಎರಡನೇ ಜಾಗ. ನಾಲ್ಕು ಗಂಟೆ. ಡೊಲೊರೆಸ್," ಎಂದು ಅಪ್ಪ ಒಪ್ಪಿಸಿದ. ಎಂದಿನಂತೆ, ಒಂದಕ್ಷರ ತಪ್ಪದೆ.

ಊರಂಚಿನ ಬಂಕಿನಲ್ಲಿ ಪೆಟ್ರೋಲ್ ತುಂಬಿಸುವಾಗ ಮಾರ್ಲಾ ಫೋನ್ ಕೈಗೆತ್ತಿಕೊಂಡಳು. ಡೊಲೊರೆಸ್ ಕಿಂಟಾನಾಳ ಹೆಸರು ತೆರೆಯ ಮೇಲೆ ಬಂತು. ಟೈರಿನ ಅಂಗಡಿ ನಡೆಸುವ ಡೊಲೊರೆಸ್ ಹುಡುಕುವ ತಂಡದ ಹಳೆಯ ತಲೆ. ಅವಳಿಗೇ ನೇರವಾಗಿ ಒಂದು ಮಾತು ಹೇಳಿಬಿಟ್ಟರೆ ಮುಗಿಯಿತು. ಆದರೆ ಡೊಲೊರೆಸ್‌ಗೆ ಹೇಳಿದ್ದು ಟೈರು ಬದಲಾಯಿಸಲು ಬಂದವರಿಗೆಲ್ಲ ಗೊತ್ತಾಗುತ್ತದೆ. ಸಂಜೆಯೊಳಗೆ ಅಪ್ಪನ ಕಿವಿಗೂ ಬೀಳುತ್ತದೆ: ಮಗಳು ನಿನ್ನ ಹತ್ತಿರ ಮಾತು ಬಿಟ್ಟು ಹೋದದ್ದು ಸುಮ್ಮನೆ, ನಿಜವಾದದ್ದು ನಮ್ಮ ಹತ್ತಿರ ಇತ್ತು ಎಂದು. ಮಾರ್ಲಾ ಫೋನನ್ನು ಜೇಬಿಗೆ ಹಾಕಿಕೊಂಡಳು. ಆಗ ಅದು ಅವಳಿಗೆ ತಪ್ಪೆನ್ನಿಸಲಿಲ್ಲ. ಅಪ್ಪನಿಗೆ ತೋರುವ ಮರ್ಯಾದೆ ಎನ್ನಿಸಿತು.

ಟಾರು ರಸ್ತೆ ಬಿಟ್ಟ ಮೇಲೆ ಕಚ್ಚಾ ದಾರಿ ಕ್ರಿಯೊಸೋಟ್ ಪೊದೆಗಳ ನಡುವೆ ಹೊರಳುತ್ತ ಹೋಯಿತು. ಬೆಟ್ಟಗಳು ಬೆಳಗಿನ ಬಣ್ಣ ಕಳಕೊಂಡು ಬೂದಿಯಾಗುತ್ತಿದ್ದವು. ಹಿಂದಿನ ದಿನಕ್ಕಿಂತ ಸೆಕೆ ಬಹಳ ಹೆಚ್ಚಿತ್ತು. ಏಪ್ರಿಲ್ ತಿಂಗಳೆಂಬುದನ್ನು ಬಿಸಿಲು ಮರೆತಂತಿತ್ತು. ಹಿಂಬದಿಯಲ್ಲಿ ಅವಳು ನೀರಿನ ಡಬ್ಬಿಗಳನ್ನು ಹಾಕಿಕೊಂಡಿದ್ದಳು, ಅಲ್ಲಿ ನೀರಿಲ್ಲದಿದ್ದರೆ ತಾನೇ ಹೂತಿಟ್ಟು ಬರೋಣವೆಂದು. ಇಲ್ಲದಿದ್ದರೆ ಎಂದು ತನಗೆ ತಾನೇ ಹೇಳಿಕೊಳ್ಳುವಾಗಲೆಲ್ಲ ಇರುತ್ತದೆ ಎಂದೂ ಸೇರಿಸಿಕೊಳ್ಳುತ್ತಿದ್ದಳು.

ಕಚ್ಚಾ ದಾರಿ ಬಿಟ್ಟು ಒಣಹಳ್ಳದ ಗಟ್ಟಿ ದಂಡೆಯ ಮೇಲೆ ಬಹಳ ದೂರ ಓಡಿಸಿ, ಹಳ್ಳ ಎಡಕ್ಕೆ ಹೊರಳುವ ಕಡೆ ಪಿಕಪ್ ನಿಲ್ಲಿಸಿ ಇಳಿದಳು. ಎದುರು ದಂಡೆಯ ಬಂಡೆಯ ಕೆಳಗೆ ಮೊಣಕಾಲೂರಿದಳು. ಮರಳು ಗಾಳಿ ಬಿಡಿಸಿದ ಗೆರೆಗಳೊಂದಿಗೆ ಅಚ್ಚುಕಟ್ಟಾಗಿ ಮಲಗಿತ್ತು. ಚಪ್ಪಟೆ ಕಲ್ಲಿರಲಿಲ್ಲ. ಸಲಿಕೆಯಿಂದ ಮೊಣಕೈ ಆಳ ತೋಡಿದಳು, ಅದರ ಪಕ್ಕದಲ್ಲಿ ತೋಡಿದಳು, ಬಂಡೆಯ ಇನ್ನೊಂದು ಮಗ್ಗುಲಿಗೂ ಹೋಗಿ ತೋಡಿದಳು. ಆಮೇಲೆ ಮರವಿದ್ದ ಕಡೆಗೆ ಹೋದಳು. ಗುಂಡಿ ಅರ್ಧ ತುಂಬಿಕೊಂಡಿತ್ತು. ಅಲ್ಲಿ ತೋಡುವುದರಲ್ಲಿ ಅರ್ಥವಿಲ್ಲವೆಂದು ಗೊತ್ತಿದ್ದೂ ಕೈಯಿಂದಲೇ ಮರಳನ್ನು ಬಾಚಿ ಬಾಚಿ ತೆಗೆದಳು. ಹಳೆಯ ಬೇರಿನ ಒಂದು ತುಂಡು ಸಿಕ್ಕಿತು. ಸುತ್ತ ಎಲ್ಲೂ ಗಾಡಿಯ ಗುರುತಿಲ್ಲ, ಬೂಟಿನ ಗುರುತಿಲ್ಲ. ಚಳಿಗಾಲದಿಂದ ಈಚೆಗೆ ಅಲ್ಲಿ ಮನುಷ್ಯರ ಸುಳಿವೇ ಇರಲಿಲ್ಲ.

ಮುಂದಿನ ವಾರ ತಾವಿಬ್ಬರೂ ಬರಿದಾದ ಬಾಟಲಿಗಳೊಂದಿಗೆ ಇಲ್ಲಿಗೆ ನಡೆದು ಬರುವವರಿದ್ದರು. ಅಪ್ಪ ಇಲ್ಲಿ ಕೂತು, ಜೇನಿನ ಸದ್ದು ಕೇಳುತ್ತ, ಇಲ್ಲದ ಮರದ ಪೂರ್ವದ ಬೇರನ್ನು ಹುಡುಕುತ್ತಿರುತ್ತಿದ್ದ. ಇಲ್ಲಿಂದ ಹೋಗಿಬಿಡಬೇಕು, ಅಷ್ಟೆ. ಪಿಕಪ್ ಏರಿ, ಹಿಂದಕ್ಕೆ ನೋಡದೆ, ತಿರುಗಿಸಲು ಒಮ್ಮೆಲೇ ಹಿಮ್ಮುಖವಾಗಿ ಓಡಿಸಿದಳು.

ಗಟ್ಟಿನೆಲದ ಅಂಚು ಎಲ್ಲಿ ಮುಗಿಯುತ್ತದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಮೆತ್ತನೆ ಮರಳಿಗೆ ಇಳಿಯುವ ಮೊದಲು ಟೈರಿನ ಗಾಳಿ ಇಳಿಸಬೇಕೆಂಬುದೂ ಗೊತ್ತಿತ್ತು. ಹೆದರಿದವರ ಕೈಗೆ ಗೊತ್ತಿರುವುದು ಬರುವುದಿಲ್ಲ. ಹಿಂದಿನ ಚಕ್ರಗಳು ಗರ್ರೆಂದು ಒಂದೇ ಕಡೆ ತಿರುಗಿದವು, ಗಾಡಿ ಕುಂಡೆಯೂರಿ ಕೂತಿತು, ಕೆಳಗಿನಿಂದ ಕಬ್ಬಿಣ ಕಲ್ಲಿಗೆ ಬಡಿದ ಸದ್ದು ಬಂತು. ಇಳಿದು ನೋಡಿದರೆ ಹಿಂದಿನ ಅಚ್ಚು ಹೂತ ಬಂಡೆಯೊಂದರ ಮೇಲೆ ಕೂತಿದೆ, ಒಂದು ಚಕ್ರ ಹೆಚ್ಚುಕಡಿಮೆ ಗಾಳಿಯಲ್ಲಿದೆ. ಆಗ ಗಾಳಿ ಇಳಿಸಿದಳು. ತೋಡಿದಳು. ಗಾಡಿಯೊಳಗಿನ ಕಾಲೊರಸುಗಳನ್ನು ಚಕ್ರದ ಅಡಿಗೆ ಕೊಟ್ಟಳು. ಪ್ರತಿ ಸಲ ಪಿಕಪ್ ಇನ್ನಷ್ಟು ಕೆಳಕ್ಕೆ ಇಳಿಯಿತು. ಡಬ್ಬಿ ತರಲೆಂದು ಹಿಂದಕ್ಕೆ ಹೋದಾಗ ಎರಡನೆಯ ಏಟು ಬಿತ್ತು: ತೆಳ್ಳನೆಯ ಪ್ಲಾಸ್ಟಿಕ್ ಡಬ್ಬಿಗಳು ದಾರಿಯ ಕುಲುಕಾಟಕ್ಕೆ ಸೀಳಿ, ನೀರೆಲ್ಲ ಸೋರಿ ಹೋಗಿತ್ತು. ಒಂದು ಮಾತ್ರ ಉಳಿದಿತ್ತು.

ಫೋನಿನಲ್ಲಿ ಸಿಗ್ನಲ್ ಇರಲಿಲ್ಲ. ಅಲ್ಲಿ ಎಂದೂ ಇರಲಿಲ್ಲ.

ಗಾಡಿ ಬಿಟ್ಟು ಹೋಗಬಾರದು. ಇದನ್ನು ಅವಳಿಗೆ ಹೇಳಿಕೊಟ್ಟವನು ಅಪ್ಪ. ಹುಡುಕುವವರಿಗೆ ಗಾಡಿ ಮೊದಲು ಸಿಗುತ್ತದೆ, ನಡೆದು ಹೋದವರು ಆಮೇಲೆ ಸಿಗುತ್ತಾರೆ, ಎಂದು. ಹೇಗೆ ಸಿಗುತ್ತಾರೆ ಎಂಬುದನ್ನು ಅವನು ಹೇಳುತ್ತಿರಲಿಲ್ಲ. ಮಾರ್ಲಾ ಟಾರ್ಪಾಲನ್ನು ಪಿಕಪ್ಪಿನ ಬದಿಗೆ ಕಟ್ಟಿ ಅದರ ನೆರಳಲ್ಲಿ ಕೂತಳು. ಎಂಜಿನ್ ಟಿಕ್ ಟಿಕ್ಕೆಂದು ತಣಿಯುತ್ತಿತ್ತು. ಆಮೇಲೆ ಅದೂ ನಿಂತಿತು.

ಮನಸ್ಸು ಲೆಕ್ಕ ಹಾಕತೊಡಗಿತು. ಇವತ್ತು ಶನಿವಾರ. ಲ್ಯಾಬಿನವರು ತನ್ನನ್ನು ಹುಡುಕುವುದು ಸೋಮವಾರ. ಅವರಿಗೂ ತಾನು ಎಲ್ಲಿಗೆ ಹೋಗಿದ್ದೇನೆಂದು ಗೊತ್ತಿಲ್ಲ. ಒಂದು ಡಬ್ಬಿ ನೀರು, ಈ ಸೆಕೆ, ತನ್ನ ತೂಕ. ಉತ್ತರ ಬರುವ ಮೊದಲೇ ಅವಳು ಲೆಕ್ಕವನ್ನು ನಿಲ್ಲಿಸಿದಳು. ಅದು ತಾನಾಗಿಯೇ ಮುಂದುವರಿಯಿತು.

ತಾನು ಎಲ್ಲಿದ್ದೇನೆಂದು ಇಡೀ ಪ್ರಪಂಚದಲ್ಲಿ ಒಬ್ಬನಿಗೆ ಮಾತ್ರ ಗೊತ್ತು. ಆ ಗೊತ್ತು ಎಂಬುದು ಇಷ್ಟು ಹೊತ್ತಿಗೆ ಅವನ ತಲೆಯಲ್ಲಿ ಇದೆಯೋ ಇಲ್ಲವೋ. ಅಂಗಳದಲ್ಲಿ ನಿಂತು ಒಂದಕ್ಷರ ತಪ್ಪದೆ ಒಪ್ಪಿಸಿದ್ದ, ನಿಜ. ಹೂವು, ಜೇನುಹುಳ, ಮೊಣಕೈ ಆಳವನ್ನೂ ಹಾಗೆಯೇ ಒಪ್ಪಿಸಿದ್ದ.

ಬಿಸಿಲು ನೆತ್ತಿ ದಾಟಿತು. ಗಾಳಿ ಸುತ್ತಲೂ ಕುದಿಯುತ್ತಿತ್ತು. ದೂರದ ಬೆಟ್ಟಗಳ ಬುಡ ಕರಗಿ ನೀರಿನಂತೆ ಹೊಳೆಯಿತು. ಕಾಗೆಯೊಂದು ಬಂದು ಬಂಡೆಯ ಮೇಲೆ ಕೂತು ಅವಳನ್ನು ನೋಡಿ, ಇನ್ನೂ ಹೊತ್ತಿದೆ ಎಂಬಂತೆ ಹಾರಿಹೋಯಿತು. ಅವಳು ಗುಟುಕು ಗುಟುಕಾಗಿ ಕುಡಿದಳು. ಡಬ್ಬಿಯನ್ನು ಬಟ್ಟೆಯಲ್ಲಿ ಸುತ್ತಿ ತೊಡೆಯ ನಡುವೆ ಇಟ್ಟುಕೊಂಡಳು. ಮನೆಯಲ್ಲಿ ಅಪ್ಪ ಈಗ ಏನು ಮಾಡುತ್ತಿರಬಹುದು? ಟಿವಿಯ ಮುಂದೆ ಬೇಸ್‌ಬಾಲ್ ಹಾಕಿಕೊಂಡು ಕೂತಿರಬಹುದು. ಮಗಳು ಎಲ್ಲಿ ಎಂದು ಒಮ್ಮೆ ಯೋಚಿಸಿ, ಲ್ಯಾಬಿನಲ್ಲಿದ್ದಾಳೆ ಎಂದುಕೊಂಡು ಚಾನೆಲ್ ಬದಲಾಯಿಸಿರಬಹುದು. ಆ ಚಿತ್ರ ಎಷ್ಟು ಸ್ಪಷ್ಟವಾಗಿತ್ತೆಂದರೆ ಅವಳಿಗೆ ಅಪ್ಪನ ಮೇಲೆ ಸಿಟ್ಟು ಬಂತು. ಮರುಕ್ಷಣ ಆ ಸಿಟ್ಟಿಗೆ ಅಳು ಬಂತು. ಅಳುವುದಕ್ಕೂ ನೀರು ಖರ್ಚಾಗುತ್ತದೆಂದು ತಡೆದಳು.

ನಾಲ್ಕು ಗಂಟೆಯಾಯಿತು. ಕೈಗಡಿಯಾರದ ಮುಳ್ಳು ಆ ಅಂಕಿಯನ್ನು ದಾಟುವುದನ್ನು ಅವಳು ಬೆರಳಿಟ್ಟು ನೋಡಿದಳು. ಯಾರಾದರೂ ಬರುತ್ತಾರೆ ಎಂದರೆ ಅಪ್ಪ ಇನ್ನೂ ಅಪ್ಪನಾಗಿಯೇ ಇದ್ದಾನೆ. ಯಾರೂ ಬರಲಿಲ್ಲವೆಂದರೆ ತಾನೂ ಇಲ್ಲ, ಅವನೂ ಇಲ್ಲ. ಹೊರಡುವಾಗ ಅವಳು ತನಗೇ ತಿಳಿಯದೆ ಎರಡನ್ನೂ ಒಂದೇ ಹಗ್ಗಕ್ಕೆ ಕಟ್ಟಿ ಬಂದಿದ್ದಳು.

ಸುದ್ದಿ ಹೋದರೂ ಊರಿನಿಂದ ಇಲ್ಲಿಗೆ ಬರಲು ಹೊತ್ತು ಬೇಕು. ಆ ಹೊತ್ತೂ ಕಳೆಯಿತು. ನೆರಳುಗಳು ಉದ್ದವಾಗಿ, ಪ್ರತಿ ಪೊದೆಯೂ ಒಬ್ಬೊಬ್ಬ ಮನುಷ್ಯನಷ್ಟು ನೆರಳು ಚೆಲ್ಲಿತು. ನಡೆದುಬಿಡಲೇ ಎಂಬ ಯೋಚನೆ ಬಂತು. ಕತ್ತಲಲ್ಲಿ ತಂಪಿರುತ್ತದೆ, ದಾರಿ ಕಾಣಿಸುವುದಿಲ್ಲ. ಬೆಳಗಾದರೆ ದಾರಿ ಕಾಣಿಸುತ್ತದೆ, ತಂಪಿರುವುದಿಲ್ಲ. ಎದ್ದು ನಿಂತು ಬೂಟಿನ ದಾರ ಬಿಗಿದಳು. ಕೂತಳು. ಮತ್ತೆ ಎದ್ದಳು. ಹೀಗೆ ಎದ್ದೇಳುತ್ತಿರುವುದೇ ನೀರಿಲ್ಲದೆ ಬುದ್ಧಿ ಕೆಡುವುದರ ಮೊದಲ ಲಕ್ಷಣವೆಂದು ಎಲ್ಲೋ ಕೇಳಿದ್ದು ನೆನಪಾಯಿತು. ಕಾಲನ್ನು ಬಾಗಿಲಿನ ಹಿಡಿಗೆ ಕಟ್ಟಿಹಾಕಿಕೊಳ್ಳಬೇಕೆನ್ನಿಸುವಷ್ಟು ಹೆದರಿಕೆಯಾಯಿತು, ಹೊರಗಿನ ಯಾವುದಕ್ಕೂ ಅಲ್ಲ, ತನ್ನ ಕಾಲುಗಳಿಗೆ.

ಸೂರ್ಯ ಬೆಟ್ಟದ ಅಂಚಿಗೆ ತಾಗುವಾಗ ಉತ್ತರದಲ್ಲಿ ಧೂಳೆದ್ದಿತು. ಸುಂಟರಗಾಳಿ ಇರಬಹುದೆಂದು ಅವಳು ನೋಡಿದಳು. ಧೂಳಿನ ಮುಂದೆ ಎರಡು ದೀಪಗಳಿದ್ದವು.

ದೊಡ್ಡ ಟ್ರಕ್ಕಿನಿಂದ ಇಳಿದ ಡೊಲೊರೆಸ್ ಕಿಂಟಾನಾ ಬಾಗಿಲನ್ನೂ ಹಾಕದೆ ಓಡಿ ಬಂದು ಅವಳ ಗಲ್ಲ ಹಿಡಿದು ಮುಖ ತಿರುಗಿಸಿ ನೋಡಿದಳು. "ನಾಲಗೆ ಚಾಚು. ಹೂಂ. ಕೈ ಹಿಂಡು. ಸರಿ, ಬದುಕಿದ್ದೀಯ. ಈಗ ಬೈಬಹುದು. ಕತ್ತೆ! ಮರಳಲ್ಲಿ ಹುಟ್ಟಿದವಳು ಮರಳಲ್ಲಿ ಹೂತ್ಕೊಂಡು ಕೂತಿದ್ದೀಯಲ್ಲ! ಪ್ರವಾಸಿಗರಾದ್ರೆ ಕ್ಷಮಿಸಬಹುದು."

ಮಾರ್ಲಾಳ ತುಟಿ ಒಡೆದಿತ್ತು. ಆದರೂ ಅವಳು ನಗುತ್ತಿದ್ದಳು. "ಅಪ್ಪ ಫೋನ್ ಮಾಡಿದ. ನಾಲ್ಕು ಗಂಟೆಗೆ ಸರಿಯಾಗಿ ಮಾಡಿದ್ನಾ? ನೆನಪಿಟ್ಕೊಂಡಿದ್ದ, ಅಲ್ವಾ?"

ಡೊಲೊರೆಸ್ ನೀರಿನ ಬಾಟಲಿಯ ಮುಚ್ಚಳ ತೆಗೆದು ಅವಳ ಕೈಗಿತ್ತಳು. "ಮೊದಲು ಕುಡಿ. ನಿಧಾನ."

"ಹೇಳು."

"ಮಾಡಿದ. ನಾಲ್ಕಕ್ಕಲ್ಲ." ಡೊಲೊರೆಸ್ ಟ್ರಕ್ಕಿನ ಹಗ್ಗವನ್ನು ಬಿಚ್ಚುತ್ತ, ಅವಳ ಮುಖ ನೋಡದೆ ಹೇಳಿದಳು. "ಬೆಳಿಗ್ಗೆ ಮಾಡಿದ. ನಾನಿನ್ನೂ ಅಂಗಡಿ ಬಾಗಿಲು ತೆಗೆದಿರಲಿಲ್ಲ. ನಿನ್ನ ಗಾಡಿ ಬೀದಿ ತಿರುಗ್ತಿದ್ದ ಹಾಗೇ ಮಾಡಿರಬೇಕು. 'ಡೊಲೊರೆಸ್, ಬರ್ಕೋ. ಮಾರ್ಲಾ ಉತ್ತರದ ದಾರೀಲಿ ಎರಡನೇ ಜಾಗಕ್ಕೆ ಹೋಗಿದ್ದಾಳೆ, ನಾಲ್ಕಕ್ಕೆ ಬರಬೇಕು' ಅಂದ. ಸರಿ ಎಲ್‌ವುಡ್, ನಾಲ್ಕಕ್ಕೆ ಬರದಿದ್ರೆ ಹೇಳು ಅಂದೆ. 'ಅದೇ ನನ್ನ ಕೈಲಾಗಲ್ಲ' ಅಂದ."

"ಏನಂದ?"

"ಹಾಗಂದ್ರೆ ಏನಯ್ಯಾ ಅಂತ ನಾನೂ ಕೇಳಿದೆ. 'ಸರ್ವೇ ದುರ್ಬೀನು ಹಳೇದಾದ್ರೆ ಗೆರೆಯಿಂದ ಜಾರುತ್ತೆ. ಅಳತೆ ತಪ್ಪು ಕೊಡುತ್ತೆ, ಆದ್ರೆ ಗಾಜು ತಿಳಿಯಾಗೇ ಇರುತ್ತೆ, ನೋಡೋನಿಗೆ ತಪ್ಪು ಅಂತ ಗೊತ್ತಾಗಲ್ಲ. ನಾನೀಗ ಹಾಗಾಗಿದ್ದೀನಿ. ನಾಲ್ಕು ಗಂಟೆಗೆ ನಾನು ಏನು ಹೇಳಿದ್ರೂ ನಂಬಬೇಡ. ನಮ್ಮನೆ ಹತ್ರ ಬಾ. ಅಂಗಳದಲ್ಲಿ ಅವಳ ಪಿಕಪ್ ಇದೆಯಾ ನೋಡು. ಪಿಕಪ್ಪಿನ ಮಾತು ಕೇಳು, ನನ್ನ ಮಾತು ಕೇಳಬೇಡ' ಅಂದ. ಕುಡಿದಿದ್ದಾನೋ ಏನೋ ಅಂದ್ಕೊಂಡೆ, ದೇವರಾಣೆ."

ಮಾರ್ಲಾ ಬಾಟಲಿಯನ್ನು ಬಾಯಿಂದ ತೆಗೆದಿದ್ದಳು.

"ನಾಲ್ಕಕ್ಕೆ ಹೋದೆ," ಎಂದಳು ಡೊಲೊರೆಸ್. ಈಗ ಅವಳ ದನಿ ತಗ್ಗಿತ್ತು. "ಬಾಗಿಲು ತೆಗೆದ, ನಗುನಗ್ತಾ. ಕಾಫಿ ಕುಡೀತೀಯಾ ಅಂದ. ಮಾರ್ಲಾ ಬಂದ್ಲಾ ಅಂದೆ. 'ಓ, ಆಗಲೇ ಬಂದ್ಲು. ಸುಸ್ತಾಗಿದ್ದಾಳೆ ಪಾಪ, ಒಳಗೆ ಮಲಗಿದ್ದಾಳೆ, ಎಬ್ಬಿಸಬೇಡ' ಅಂದ. ತುಟಿ ಮೇಲೆ ಬೆರಳಿಟ್ಟು ಮೆಲ್ಲಗೆ ಹೇಳಿದ ಕಣೇ, ನಿನಗೆ ಎಚ್ಚರ ಆಗದ ಹಾಗೆ. ನಾನು ನಂಬಿಬಿಟ್ಟೆ. ತಿರುಗಿ ಮೆಟ್ಟಿಲು ಇಳಿದೂ ಆಗಿತ್ತು. ಆಮೇಲೆ ಅಂಗಳ ನೋಡಿದೆ. ಖಾಲಿ."

ಬೆಟ್ಟದ ಮೇಲಿನ ಬೆಳಕು ಕೆಂಪಾಗಿ, ಕಂದಿ, ಆರಿತು. ಅಪ್ಪ ಮಾರ್ಲಾಳನ್ನು ಉಳಿಸಿದ್ದ. ಅಪ್ಪ ಅವಳನ್ನು ಇಲ್ಲೇ ಬಿಟ್ಟೂಬಿಟ್ಟಿದ್ದ. ಒಂದೇ ದಿನ, ಒಬ್ಬನೇ ಮನುಷ್ಯ.

ಪಿಕಪ್ಪನ್ನು ಎಳೆದು ಗಟ್ಟಿನೆಲಕ್ಕೆ ಹಾಕಿ, ಟೈರಿಗೆ ಗಾಳಿ ತುಂಬಿ, ಡೊಲೊರೆಸ್ ಊರಿನವರೆಗೂ ಅವಳ ಹಿಂದೆಯೇ ಬಂದಳು. ಮನೆಯ ಮುಂದೆ ಒಮ್ಮೆ ಹಾರನ್ ಒತ್ತಿ, ಇಳಿಯದೆ ಹೋದಳು.

ಅಡುಗೆಮನೆಯಲ್ಲಿ ದೀಪ ಉರಿಯುತ್ತಿತ್ತು. ಅಪ್ಪ ಬೀನ್ಸ್ ಬೇಯಿಸಿದ್ದ. ಒಳಗೆ ಬಂದವಳ ಮುಖ, ತುಟಿ, ಉಗುರಿನೊಳಗಿನ ಮರಳನ್ನು ಅವನ ಕಣ್ಣುಗಳು ಒಂದೊಂದಾಗಿ ನೋಡಿದವು. ಕೈಯಲ್ಲಿದ್ದ ಚಮಚ ಕೆಳಗಿಳಿಯಿತು. "ನೀನು ಒಳಗೆ ಮಲಗಿದ್ದೆ," ಎಂದ. ಅದು ಅರ್ಧ ಮಾತು, ಅರ್ಧ ಪ್ರಶ್ನೆ.

"ಇಲ್ಲಪ್ಪ. ಹಳ್ಳದಲ್ಲಿ ಸಿಕ್ಕಿಹಾಕ್ಕೊಂಡಿದ್ದೆ."

ಅವನು ಕುರ್ಚಿ ಹುಡುಕಿ ಕೂತ. ಆಮೇಲೆ ಕೇಳಿದ, "ನೀರು?"

"ಇರಲಿಲ್ಲ."

"ಮರ?"

"ಮರ ಹೋಗಿ ಎರಡು ವರ್ಷವಾಯ್ತು."

"ಗೊತ್ತು," ಎಂದ ಅಪ್ಪ. "ಈಗ ಗೊತ್ತು. ನಿನ್ನೆ ಗೊತ್ತಿರಲಿಲ್ಲ. ಇಲ್ಲದ್ದೂ ಇದ್ದದ್ದೂ ಒಂದೇ ಥರ ಕಾಣುತ್ತೆ ಮಗಳೇ, ಅದಕ್ಕೇ ನನಗೆ ಭಯ. ಸುಳ್ಳು ನೆನಪಿಗೆ ಬೇರೆ ಬಣ್ಣ ಇದ್ದಿದ್ರೆ ಗುರುತು ಹಿಡೀತಿದ್ದೆ. ಆ ಜೇನು ಈಗಲೂ ನನ್ನ ಕಿವೀಲಿದೆ."

"ನಿನಗೆ ಅನುಮಾನ ಇತ್ತು. ಅದಕ್ಕೇ ಡೊಲೊರೆಸ್‌ಗೆ ಬೆಳಿಗ್ಗೆನೇ ಹೇಳಿದ್ದೆ."

"ಹೇಳಿದ್ನಾ?" ಅವನು ತಲೆಯೆತ್ತಿದ. ಮುಖದಲ್ಲಿ ಒಂದು ಕ್ಷಣ ಹಳೆಯ ಸರ್ವೇಯರನ ಗತ್ತು ಬಂತು. "ಪರವಾಗಿಲ್ಲ. ಒಳ್ಳೆ ಕೆಲಸ ಮಾಡಿದ್ದೀನಿ."

ಅವಳಿಗೆ ನಗು ಬಂತು, ಒಡೆದ ತುಟಿ ಉರಿಯಿತು. "ನನಗೇ ಯಾಕೆ ಹೇಳಲಿಲ್ಲ?"

"ನೀನ್ಯಾಕೆ ಹೇಳಲಿಲ್ಲ? ನೀನು ದಾರಿ ನೋಡೋಕೆ ಹೋಗಲಿಲ್ಲ. ನನ್ನ ತಲೆ ನೋಡೋಕೆ ಹೋದೆ. ಅಷ್ಟು ಗೊತ್ತಾಗುತ್ತೆ ನನಗೆ."

"ನಿನಗೆ ನೋವಾಗುತ್ತೆ ಅಂತ."

"ನನಗೂ ಅದೇ. ನೋಡು ಹೇಗಿದೆ! ಇಬ್ಬರ ಮರ್ಯಾದೆ ಉಳಿಸೋಕೆ ಹೋಗಿ ಒಬ್ಬಳು ಒಣಗಿ ಸಾಯ್ತಿದ್ಲು." ಅವನು ಎದ್ದು ಒಂದು ಲೋಟ ನೀರು ತಂದು ಅವಳ ಮುಂದಿಟ್ಟ. ಅವಳು ಕುಡಿದು ಮುಗಿಸುವವರೆಗೂ ಲೋಟದ ಮೇಲಿನ ಕಣ್ಣು ತೆಗೆಯಲಿಲ್ಲ. ಆಮೇಲೆ ನಕ್ಷೆಯ ಕಡೆ ಕೈ ಬೀಸಿದ. "ಹಾಗಾದ್ರೆ ಮಡಚಿಡು ಅದನ್ನ. ಈ ವರ್ಷ ಬೇಡ."

ಮಡಚಿಡುವುದೇ ಸರಿಯೆಂದು ಅವಳಿಗೂ ಅನ್ನಿಸಿತು. ಬಾಗಿಲುಗಳಿಗೆ ಬೀಗ ಹಾಕಿ, ಕಾರಿನ ಕೀಲಿ ಬಚ್ಚಿಟ್ಟು, ಅವನನ್ನು ಈ ಕುರ್ಚಿಯಲ್ಲೇ ಕೂರಿಸಿಬಿಡಬೇಕು. ಹೆದರಿಕೆ ಹಾಗೆ ಹೇಳಿತು. ಹಗಲೆಲ್ಲ ಅದೇ ಹೆದರಿಕೆ, ಎದ್ದು ನಡೆ, ಎಂದೂ ಹೇಳಿತ್ತು.

"ನಡೆಯೋದು ಬೇಡ," ಎಂದಳು. "ಎರಡನೇ ಜಾಗವೇ ಬೇಡ. ರಸ್ತೆ ಪಕ್ಕದಲ್ಲೇ ಬ್ಲಾಂಕೆಟ್ ಹಾಸಿ ಮಲಗೋಣ. ನೀರೆಲ್ಲ ಗಾಡೀಲೇ ಇರಲಿ, ಕಣ್ಣೆದುರಿಗೆ."

"ಮುದುಕರ ಥರ."

"ಮುದುಕರ ಥರಾನೇ. ನೀನೇನು ಹುಡುಗನಾ?"

ಅಪ್ಪ ಗೊಣಗಿದ. ಆದರೆ ಕುರ್ಚಿಯನ್ನು ಮೇಜಿನ ಹತ್ತಿರ ಎಳೆದುಕೊಂಡ. "ಮಾತು ಯಾರ ಹತ್ರ ಬಿಡೋದು? ಇಬ್ಬರೂ ಹೋದ್ರೆ ಮನೇಲಿ ಯಾರೂ ಇಲ್ಲ."

ಮಾರ್ಲಾ ಫೋನ್ ತೆಗೆದು ಡೊಲೊರೆಸ್‌ಗೆ ಹಚ್ಚಿ ಅವನ ಕೈಗೆ ಕೊಟ್ಟಳು. "ನೀನೇ ಹೇಳು."

ಅವನು ಗಂಟಲು ಸರಿಮಾಡಿಕೊಂಡ. "ಡೊಲೊರೆಸ್, ನಾನು ಎಲ್‌ವುಡ್. ಬರ್ಕೋ. ಶುಕ್ರವಾರ ನಾವಿಬ್ಬರೂ ಡೇರೆ ಹಾಕೋಕೆ ಹೋಗ್ತಿದ್ದೀವಿ. ಜಾಗ..."

ಮಾತು ನಿಂತಿತು. ಫೋನಿನಾಚೆ ಡೊಲೊರೆಸ್ ಕಾಯುತ್ತಿದ್ದಳು. ಅವಳ ಟ್ರಕ್ಕಿನ ರೇಡಿಯೋ ಸಣ್ಣಗೆ ಕೇಳುತ್ತಿತ್ತು. ಅಪ್ಪ ಮಗಳ ಕಡೆ ನೋಡಿದ. ಆ ಕಣ್ಣಿನಲ್ಲಿದ್ದ ಹೆದರಿಕೆಯನ್ನು ಅವನು ಮುಚ್ಚಿಡಲಿಲ್ಲ.

ಮಾರ್ಲಾ ನಕ್ಷೆಯ ಮೇಲೆ ಆ ಜಾಗಕ್ಕೆ ಬೆರಳಿಟ್ಟಳು. ಅವನು ಕನ್ನಡಕ ಸರಿಪಡಿಸಿ, ಬಗ್ಗಿ, ಅವಳ ಉಗುರಿನ ಪಕ್ಕದ ಅಕ್ಷರಗಳನ್ನು ಒಂದೊಂದಾಗಿ ಓದಿ ಹೇಳತೊಡಗಿದ. ಅವನು ಓದಿ ಮುಗಿಸುವ ತನಕ ಅವಳು ಬೆರಳನ್ನು ಅಲ್ಲಿಂದ ತೆಗೆಯಲಿಲ್ಲ.